ಸಹಿ ಹಾಕಿ ಹೋಗಬಹುದಾಗಿದ್ದರೂ ಅವರೇಕೆ ಹೋಗಲಿಲ್ಲ?

ಪ್ರಶ್ನೆ: ಕೆನ್ ಕೀಸಿಯವರ ‘ಒನ್ ಫ್ಲ್ಯೂ ಓವರ್ ದ ಕುಕೂಸ್ ನೆಸ್ಟ್’ ಓದಿದೆ. ಅದರಲ್ಲಿ ಬರುವ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿರುವ ಹೆಚ್ಚಿನವರು ತಾವಾಗಿಯೇ ಬಂದು ದಾಖಲಾದವರು, ಬೇಕೆಂದ ದಿನ ಸಹಿ ಹಾಕಿ ಹೊರಡಬಹುದು ಎಂದು ಗೊತ್ತಾದಾಗ ನಂಬಲಾಗಲಿಲ್ಲ. ನರ್ಸ್ ರ್ಯಾಚೆಡ್ ಅಷ್ಟು ಹಿಂಸೆ ಕೊಡುತ್ತಿದ್ದರೂ ಅವರು ಅಲ್ಲೇ ಏಕೆ ಉಳಿಯುತ್ತಾರೆ? ಇದು ಕಥೆಗಾಗಿ ಕಟ್ಟಿದ್ದೋ, ನಿಜವಾಗಿಯೂ ಹೀಗಾಗುತ್ತದೆಯೋ?

ಉತ್ತರ: ನಿಜವಾಗಿಯೂ ಹೀಗಾಗುತ್ತದೆ. 1962ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಓದಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೂ ಇದೇ. ಕಥಾನಾಯಕ ಮ್ಯಾಕ್‌ಮರ್ಫಿಯೇ ಇದನ್ನು ಎಲ್ಲರಿಗಿಂತ ಮೊದಲು ಕೇಳುತ್ತಾನೆ. ಜೈಲಿನ ಕೂಲಿ ಕೆಲಸ ತಪ್ಪಿಸಿಕೊಳ್ಳಲು ಹುಚ್ಚನಂತೆ ನಟಿಸಿ ಆರೆಗಾನ್‌ನ ಆ ಆಸ್ಪತ್ರೆಗೆ ಬಂದವನು ಅವನು. ಈಜುಕೊಳದ ಕಾವಲುಗಾರ, ಅವನೂ ಒಬ್ಬ ರೋಗಿ, ಮಾತಿನ ನಡುವೆ ಒಂದು ಸಂಗತಿ ತಿಳಿಸುತ್ತಾನೆ: ಕಾನೂನಿನ ಆದೇಶದ ಮೇಲೆ ಒಳಗೆ ಬಂದವರ ಬಿಡುಗಡೆ ಆಸ್ಪತ್ರೆಯವರ ಕೈಯಲ್ಲಿದೆ, ಶಿಕ್ಷೆಯ ಅವಧಿ ಮುಗಿದರೂ ಅವರು ಬಿಡಬೇಕೆಂದಿಲ್ಲ. ಮ್ಯಾಕ್‌ಮರ್ಫಿ ಬಾಯಿ ಮುಚ್ಚಿಕೊಂಡು ಹೇಳಿದ ಕೆಲಸ ಮಾಡಲು ತೊಡಗುತ್ತಾನೆ. ಅವನನ್ನೇ ನಂಬಿದ್ದ ರೋಗಿ ಚೆಸ್ವಿಕ್ ಅದೇ ಕೊಳದಲ್ಲಿ ಮುಳುಗಿ ಸಾಯುತ್ತಾನೆ.

ಆಮೇಲೆ ಇನ್ನೊಬ್ಬ ರೋಗಿ ಹಾರ್ಡಿಂಗ್‌ನಿಂದ ಅವನಿಗೆ ಇನ್ನೊಂದು ವಿಷಯ ತಿಳಿಯುತ್ತದೆ. ತನ್ನಂತೆ ಆದೇಶದ ಮೇಲೆ ಬಂದವರು ಆ ಗುಂಪಿನಲ್ಲಿ ಸ್ಕ್ಯಾನ್ಲನ್ ಒಬ್ಬನೇ. ಉಳಿದವರೆಲ್ಲ ಸ್ವಇಚ್ಛೆಯವರು. ಮ್ಯಾಕ್‌ಮರ್ಫಿ ದಂಗಾಗಿ ಒಬ್ಬೊಬ್ಬರನ್ನೇ ಕೇಳುತ್ತಾ ಬರುತ್ತಾನೆ. ಆಗ ಬಿಲ್ಲಿ ಬಿಬಿಟ್ ಅಳುತ್ತಾ, ತೊದಲುತ್ತಾ ಸಿಡಿದೇಳುತ್ತಾನೆ: ಎದೆಗಾರಿಕೆ ಇದ್ದಿದ್ದರೆ ಇವತ್ತೇ ಹೋಗುತ್ತಿದ್ದೆ, ಜನ ನಿನ್ನನ್ನು ನೋಡಿ ನಕ್ಕದ್ದುಂಟೇ ಎಂದು. ಸ್ವಲ್ಪ ಹೊತ್ತಿನಲ್ಲೇ ಮ್ಯಾಕ್‌ಮರ್ಫಿ ನರ್ಸ್‌ಗಳ ಕೊಠಡಿಯ ಗಾಜನ್ನು ಕೈಯಿಂದಲೇ ಒಡೆಯುತ್ತಾನೆ. ಬಹಳ ಮಂದಿ ಆ ಗಾಜಿನ ಸದ್ದನ್ನು ನೆನಪಿಟ್ಟುಕೊಂಡು ಬಿಲ್ಲಿಯ ಅಳುವನ್ನು ಮರೆಯುತ್ತಾರೆ. ನನಗೆ ಇಡೀ ಪುಸ್ತಕದ ಕೀಲಿ ಇರುವುದು ಆ ಅಳುವಿನಲ್ಲಿ.

ಈಗ ಒಬ್ಬೊಬ್ಬರ ಹೊರಗಿನ ಬದುಕನ್ನು ನೋಡಿ. ಹಾರ್ಡಿಂಗ್ ಓದಿಕೊಂಡವನು, ಮಾತುಗಾರ. ತನ್ನ ಸುಂದರವಾದ ಕೈಗಳನ್ನು ಯಾರೂ ನೋಡದಂತೆ ಮೊಣಕಾಲುಗಳ ನಡುವೆ ಅಡಗಿಸಿಕೊಳ್ಳುತ್ತಾನೆ. ಅವನ ಒಲವು ಗಂಡಸರ ಕಡೆಗೆ ಎಂಬ ಸೂಚನೆಯನ್ನು ಕೀಸಿ ಸ್ಪಷ್ಟವಾಗಿಯೇ ಕೊಡುತ್ತಾರೆ. 1962ರ ಅಮೆರಿಕದಲ್ಲಿ ಇಲಿನಾಯ್ ರಾಜ್ಯವೊಂದನ್ನು ಬಿಟ್ಟರೆ ಎಲ್ಲೆಡೆಯೂ ಸಲಿಂಗ ಸಂಬಂಧ ಅಪರಾಧವಾಗಿತ್ತು. ಅಮೆರಿಕದ ಮನೋವೈದ್ಯರ ಸಂಘ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಲು ನಿರ್ಧರಿಸಿದ್ದು 1973ರಲ್ಲಿ. ಹೊರಗೆ ಹೋದರೆ ಹಾರ್ಡಿಂಗ್ ಅಪರಾಧಿ, ಒಳಗಿದ್ದರೆ ರೋಗಿ. ಮೂರನೆಯ ಜಾಗ ಅವನಿಗೆ ಇರಲಿಲ್ಲ.

ಬಿಲ್ಲಿಯದು ಇನ್ನೂ ಕಠಿಣ ಸ್ಥಿತಿ. ವಯಸ್ಸು ಮೂವತ್ತು ದಾಟಿದೆ, ತಾಯಿಯ ಕಣ್ಣಿಗೆ ಇನ್ನೂ ಮಗು. ಆ ತಾಯಿ ಕೆಲಸ ಮಾಡುವುದು ಇದೇ ಆಸ್ಪತ್ರೆಯ ಮುಂಭಾಗದ ಕಚೇರಿಯಲ್ಲಿ. ನರ್ಸ್ ರ್ಯಾಚೆಡ್‌ಗೆ ಆಪ್ತ ಗೆಳತಿ. ಅಂದರೆ ಬಿಲ್ಲಿ ಓಡಿಹೋಗಬೇಕಾದ ಮನೆಯೂ ಆಸ್ಪತ್ರೆಯೊಳಗೇ ಇದೆ. ಕೊನೆಯಲ್ಲಿ ಒಂದು ರಾತ್ರಿಯ ಸುಖದ ನಂತರ ಅವನು ತೊದಲದೆ ಮಾತನಾಡುತ್ತಾನೆ. ನರ್ಸ್ ಅವನ ತಾಯಿಯ ಹೆಸರೆತ್ತುತ್ತಾಳೆ, ಅಷ್ಟೇ. ತೊದಲು ಮರಳುತ್ತದೆ, ಕೆಲವೇ ನಿಮಿಷಗಳಲ್ಲಿ ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ರ್ಯಾಚೆಡ್‌ಳ ನಿಜವಾದ ಆಯುಧ ರೋಗಿಗಳಿಗೆ ವಿದ್ಯುತ್ ಆಘಾತ ಕೊಡುವ ಯಂತ್ರವಲ್ಲ. ಯಾರಿಗೆ ಯಾವುದರ ಬಗ್ಗೆ ನಾಚಿಕೆ ಎಂಬುದು ಅವಳಿಗೆ ಗೊತ್ತು.

ಕೀಸಿಗೆ ಇದು ಎಲ್ಲಿಂದ ತಿಳಿಯಿತು ಎಂದರೆ, ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ದಿನಗಳಲ್ಲಿ ಅವರು ಮೆನ್ಲೊ ಪಾರ್ಕ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಹಾಯಕರಾಗಿದ್ದರು. ಅದೇ ಕಾಲಕ್ಕೆ ವೈದ್ಯಲೋಕವೂ ಇದನ್ನು ಗುರುತಿಸುತ್ತಿತ್ತು. 1955ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ಜನರಿದ್ದರು. ಆ ವರ್ಷವೇ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಆಟೋಟ ವಿಭಾಗದ ಸಹಾಯಕನಾಗಿ ಸೇರಿಕೊಂಡು, ರೋಗಿಗಳ ನಡುವೆ ಒಂದು ವರ್ಷ ಓಡಾಡಿ ಅವರ ದಿನಚರಿಯನ್ನು ಅಧ್ಯಯನ ಮಾಡಿದರು. ಬ್ರಿಟನ್ನಿನ ಮನೋವೈದ್ಯ ರಸೆಲ್ ಬಾರ್ಟನ್ 1959ರಲ್ಲಿ, ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರ ನಿರುತ್ಸಾಹ, ವಿಧೇಯತೆ, ನಾಳೆಯ ಬಗೆಗಿನ ನಿರಾಸಕ್ತಿ ಇವುಗಳಿಗೆ ಮೂಲ ಕಾಯಿಲೆಯಷ್ಟೇ ಅಲ್ಲ, ಆಸ್ಪತ್ರೆಯ ಬದುಕೂ ಕಾರಣ ಎಂದು ಬರೆದರು. ಹೊರಗಿನ ನಂಟು ಕಡಿಯುವುದು, ಕೆಲಸವಿಲ್ಲದೆ ಕೂರಿಸುವುದು, ಸ್ವಂತದ್ದೆನ್ನುವ ವಸ್ತುಗಳನ್ನು ಕಿತ್ತುಕೊಳ್ಳುವುದು, ಮರಳಿದರೆ ಕಾದಿರುವ ಬದುಕೇ ಇಲ್ಲದಿರುವುದು ಅವರು ಎಣಿಸಿದ ಕಾರಣಗಳಲ್ಲಿ ಸೇರಿವೆ. ಬಹುದಿನ ಪಂಜರದಲ್ಲಿದ್ದ ಹಕ್ಕಿ ಬಾಗಿಲು ತೆಗೆದರೂ ಹಾರದಂತೆ ಮನುಷ್ಯರೂ ಆಗಬಲ್ಲರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದು. ಮನೆಯಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ನೋಡಿಕೊಂಡ ಓದುಗರಿಗೆ ಈ ಪುಸ್ತಕ ಕೋಪ ತರಿಸುತ್ತದೆ. ಕಾಯಿಲೆಯೆಂದರೆ ಧೈರ್ಯ ಸಾಲದಿರುವುದು, ಮೀನು ಹಿಡಿಯಲು ಸಮುದ್ರಕ್ಕೆ ಹೋಗಿ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆ ಇದರಲ್ಲಿ ಹರಿದಾಡುತ್ತದೆ. ಹೆಂಗಸರನ್ನು ಒಂದೋ ಪೀಡಕರು ಇಲ್ಲವೇ ಸುಖ ಕೊಡುವವರು ಎಂದಷ್ಟೇ ಕಾಣುವ, ಕಪ್ಪು ಸಹಾಯಕರನ್ನು ಮನುಷ್ಯರಾಗಿ ನೋಡದ ಭಾಗಗಳನ್ನು ನಾನು ಸಮರ್ಥಿಸಲಾರೆ. ಆದರೆ ಧೈರ್ಯವೊಂದೇ ಸಾಕು ಎಂಬುದು ಮ್ಯಾಕ್‌ಮರ್ಫಿಯ ಮಾತಾಗಬಹುದು, ಕಾದಂಬರಿ ತೋರಿಸುವುದು ಬೇರೆ. ಕೊನೆಯ ಪುಟಗಳಲ್ಲಿ ಯಾರು ಹೇಗೆ ಹೊರಡುತ್ತಾರೆ ಗಮನಿಸಿ.

ವೈದ್ಯರ ಸಲಹೆ ಮೀರಿ ಮೊದಲು ಸಹಿ ಹಾಕುವವರು ಸೆಫೆಲ್ಟ್ ಮತ್ತು ಫ್ರೆಡ್ರಿಕ್ಸನ್. ಇಬ್ಬರಿಗೂ ಮೂರ್ಛೆರೋಗ. ಒಸಡು ಹಾಳಾಗುತ್ತದೆಂದು ಒಬ್ಬ ಮಾತ್ರೆ ಬಿಡುತ್ತಿದ್ದ, ಬಿದ್ದುಬಿಡುವ ಭಯದಿಂದ ಇನ್ನೊಬ್ಬ ಅವನ ಪಾಲನ್ನೂ ನುಂಗುತ್ತಿದ್ದ. ಅವರು ಜೊತೆಯಾಗಿ ಹೋಗುತ್ತಾರೆ. ಹಾರ್ಡಿಂಗ್, ಹೆಂಡತಿ ಇಂಥ ಹೊತ್ತಿಗೆ ಕಾರಿನಲ್ಲಿ ಬರಲಿ, ಮುಂಬಾಗಿಲಿನಿಂದಲೇ ಹೋಗುತ್ತೇನೆ ಎಂದಿದ್ದ. ಹಾಗೆಯೇ ಆಗುತ್ತದೆ. ಕಥೆ ಹೇಳುವ ಮೂಲನಿವಾಸಿ ರೋಗಿ ಬ್ರಾಮ್ಡೆನ್ ಕಿಟಕಿ ಒಡೆದು ಒಬ್ಬನೇ ಓಡುತ್ತಾನೆ ನಿಜ, ಆದರೆ ದಾರಿಯಲ್ಲಿ ಒಬ್ಬ ಲಾರಿ ಚಾಲಕ ತನ್ನ ಕೋಟನ್ನೂ ಊಟಕ್ಕೆ ಹತ್ತು ಡಾಲರನ್ನೂ ಕೊಡುತ್ತಾನೆ, ಕೊಲಂಬಿಯಾ ನದಿಯ ದಡದ ತನ್ನ ಜನರನ್ನು ನೋಡುವ ಆಸೆ ಅವನಿಗಿದೆ. (1957ರಲ್ಲಿ ಡ್ಯಾಲ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಸೆಲೈಲೊ ಜಲಪಾತ ಮುಳುಗಿ, ಆ ನದಿಯ ಮೂಲನಿವಾಸಿಗಳು ತಲೆತಲಾಂತರದಿಂದ ಮೀನು ಹಿಡಿಯುತ್ತಿದ್ದ ಜಾಗವೇ ಹೋಗಿತ್ತು. ಬ್ರಾಮ್ಡೆನ್‌ನ ನೋವಿನ ಹಿಂದೆ ಇರುವುದು ಈ ಇತಿಹಾಸ. 1975ರ ಸಿನಿಮಾ ಅವನನ್ನು ನಿರೂಪಕನ ಸ್ಥಾನದಿಂದ ಕೆಳಗಿಳಿಸಿದ್ದರಿಂದ, ಸಿನಿಮಾ ಮಾತ್ರ ನೋಡಿದವರಿಗೆ ಇದು ತಲುಪುವುದಿಲ್ಲ.) ಹೀಗೆ ಹೊರಟವರಿಗೆಲ್ಲ ಹೊರಗೆ ಯಾರೋ ಇದ್ದರು. ಬಿಲ್ಲಿಗೆ ಇರಲಿಲ್ಲ.

ನಮ್ಮಲ್ಲಿ ವಾರ್ಡಿನ ಚಿತ್ರ ಸ್ವಲ್ಪ ಬೇರೆ. 1950ರ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆವರಣದಲ್ಲೇ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ರೋಗಿಯ ಜೊತೆಗಿರುವ ವ್ಯವಸ್ಥೆ ಬೆಳೆಯಿತು. ಹಾಗಿದ್ದರೂ ಗುಣವಾದ ಮೇಲೆ ಕರೆದುಕೊಂಡು ಹೋಗಲು ಯಾರೂ ಬಾರದೆ ಸರ್ಕಾರಿ ಆಸ್ಪತ್ರೆಗಳಲ್ಲೇ ಉಳಿದವರು ನಮ್ಮ ದೇಶದಲ್ಲಿದ್ದಾರೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 19ನೇ ಸೆಕ್ಷನ್ ಇದಕ್ಕೆ ನೇರವಾಗಿ ಉತ್ತರಿಸುತ್ತದೆ: ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಮನೆಯಿಲ್ಲ, ಅಥವಾ ಸಮುದಾಯದಲ್ಲಿ ಸೌಲಭ್ಯವಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸುವಂತಿಲ್ಲ. ಅದೇ ಕಾಯ್ದೆಯ ಇನ್ನೊಂದು ಸೆಕ್ಷನ್ ಪ್ರಕಾರ, ತಾವಾಗಿ ದಾಖಲಾದ ವಯಸ್ಕರು ಕೇಳಿದರೆ ಬಿಡುಗಡೆ ಮಾಡಬೇಕು. ನಿರ್ದಿಷ್ಟ ಕಾರಣಗಳಿದ್ದರೆ ಮಾತ್ರ, ತಪಾಸಣೆಗಾಗಿ, 24 ಗಂಟೆಗಳವರೆಗೆ ತಡೆಯಬಹುದು. ಹೋಗಲು ಮನೆಯಿಲ್ಲದವರಿಗಾಗಿ ಆಸ್ಪತ್ರೆಗೂ ಊರಿಗೂ ನಡುವಿನ ಆಸರೆ ಮನೆಗಳನ್ನು ಸರ್ಕಾರ ಒದಗಿಸಬೇಕು ಎಂದೂ 19ನೇ ಸೆಕ್ಷನ್ ಹೇಳುತ್ತದೆ. ಅಂಥ ಮನೆಗಳು ಇನ್ನೂ ಸಾಲದು.