ಮೋಟರ್ ಎಲ್ಲಿ ಕುಂದರಸ್ಬೇಕು, ಬ್ಯಾಟರಿ ಎಲ್ಲಿ ಇಡ್ಬೇಕು?

ಥರ್ಮಾಕೋಲ್ ಇಲ್ಲಾ ಪ್ಲೈವುಡ್ ಕೊಯ್ದು ಮನಿಯಾಗೇ ಮೋಟರ್ ಹಚ್ಚಿದ ಸಣ್ಣ ಆಟಿಗಿ ದೋಣಿ ಮಾಡೋರು ಮೊದ್ಲು ಮೋಟರ್ ಇಟ್ಟು ಎಂ-ಸೀಲ್ ಬಡದು ಗಟ್ಟಿ ಮಾಡಿಬಿಡ್ತಾರ, ಆಮ್ಯಾಲ ಕಲಬುರಗಿ ಅಪ್ಪನ ಕೆರಿಗೆ ಒಯ್ದು ಬಿಟ್ರ ಅದು ಹಿಂಭಾಗ ಮುಳುಗಿಸಿ ಮೂತಿ ಮ್ಯಾಲ ಮಾಡ್ಕೊಂಡು ನಿಲ್ತದ. ನನ್ನ ಕೇಳಿದ್ರ ಮೋಟರ್ ಜಾಗಾ ಗೊತ್ತು ಮಾಡೋದು ಶಾಫ್ಟ್ (ಮೋಟರ್‌ನಿಂದ ಹಿಂದಿನ ಪ್ರೊಪೆಲರ್ ಪಂಖಾ ತಿರುಗಿಸೋ ಸಳಿ), ತೂಕ ಸರಿ ಮಾಡೋದು ಬ್ಯಾಟರಿ ಕೆಲಸ.

ಪ್ರೊಪೆಲರ್ ತಳದ ತೆಳಗ ಪೂರಾ ನೀರಾಗಿರ್ಬೇಕು, ಮೋಟರ್ ಒಳಗ ಒಣ ಜಾಗದಾಗಿರ್ಬೇಕು, ಹಿಂಗಾಗಿ ಶಾಫ್ಟ್ ಓರೆ ಆಗೋದು ತಪ್ಪಂಗಿಲ್ಲ. ಮೋಟರ್ ಹಿಂದಕ್ಕ ತಂದಷ್ಟು ಓರೆ ಜಾಸ್ತಿ. 10 ಡಿಗ್ರಿ ಓರೆ ಇದ್ರ ಮುಂದ ನೂಕೋ ಬಲದಾಗ ಸುಮಾರು 1.5 ಪರ್ಸೆಂಟ್ ಅಷ್ಟೇ ಹೋಗ್ತದ, 30 ಡಿಗ್ರಿ ಆದ್ರ 13 ಪರ್ಸೆಂಟ್, ಮತ್ತ ಹೋದ ಬಲ ಸುಮ್ನ ಕೂಡಂಗಿಲ್ಲ, ಹಿಂಭಾಗ ಎತ್ತಿ ಮೂತಿನ್ನ ನೀರಿಗೆ ಒತ್ತತದ. ಮೋಟರ್ ಮತ್ತ ಶಾಫ್ಟ್ ಒಂದೇ ಗೆರಿಯಾಗ ಇರ್ಲಿಲ್ಲಂದ್ರ ಕರಕರ ಸಪ್ಪಳ, ಮ್ಯಾಲ ಮೋಟರ್ ಬಿಸಿ.

ಇನ್ನ ತೂಕ. ದೋಣಿ ವಜ್ಜದ ಕೇಂದ್ರ, ನೀರು ಮ್ಯಾಲ ಎತ್ತೋ ಬಲದ ಕೇಂದ್ರ ಎರಡೂ ಒಂದೇ ನೆಟ್ಟನ ಗೆರಿ ಮ್ಯಾಗ ಬಂದ್ರ ದೋಣಿ ಮಟ್ಟ ನಿಲ್ತದ. ಎತ್ತಿನ ಬಂಡಿಗೆ ಜ್ವಾಳದ ಚೀಲ ಎಲ್ಲಾ ಹಿಂದ ಹೇರಿದ್ರ ನೊಗ ಏಳ್ತದಲ್ಲ, ಹಂಗೇ. 50 ಸೆಂಟಿಮೀಟರ್ ಉದ್ದ, 12 ಅಗಲದ ಚಪ್ಪಟಿ ತಳಕ್ಕ 600 ಗ್ರಾಂ ಹಾಕಿದ್ರ ಒಂದು ಸೆಂಟಿಮೀಟರ್ ಇಳೀತದ, ಆದ್ರ ಅದೇ ವಜ್ಜ ತುದಿಗಿಟ್ರ ಆ ತುದಿ ಅದಕ್ಕಿಂತ ಭಾಳ ಇಳೀತದ. ಅದಕ್ಕ ಅಂಟು ಹಚ್ಚೋ ಮೊದ್ಲೇ ಖಾಲಿ ದೋಣಿ ದೊಡ್ಡ ಟಬ್ಬಿನಾಗ ಬಿಟ್ಟು, ಮೋಟರ್ ಅದರ ಜಾಗಕ್ಕಿಟ್ಟು, ಬ್ಯಾಟರಿ ಒಂದೊಂದು ಬೆರಳು ಸರಿಸ್ತಾ ಮಟ್ಟ ಆದಲ್ಲಿ ಪೆನ್ಸಿಲ್ ಗೆರಿ ಹಾಕ್ರಿ. ಒಂದು 18650 ಸೆಲ್ (ಚಾರ್ಜ್ ಮಾಡೋ ದುಂಡನ ಲಿಥಿಯಂ ಬ್ಯಾಟರಿ) ಸುಮಾರು 45 ಗ್ರಾಂ, ಸರಿಸಾಕ ಅದಕ್ಕಿಂತ ಒಳ್ಳೆ ಕಲ್ಲು ಬ್ಯಾಡ. ನೀರಿನ ಮ್ಯಾಲ ಜಾರ್ಕೊಂಡು ಓಡೋ ಸ್ಪೀಡ್ ಬೋಟಿಗೆ ಮಾತ್ರ ಲೆಕ್ಕ ಬ್ಯಾರೆ, ಅದರ ವಜ್ಜದ ಕೇಂದ್ರ ಹಿಂದಿನ ತುದಿಯಿಂದ ಮೂರನೇ ಒಂದು ಭಾಗದ ಹತ್ರ ಇಡ್ತಾರ.

ಬ್ಯಾಟರಿ ಡೆಕ್ ಮ್ಯಾಲ ಇಟ್ರ ಚಾರ್ಜ್ ಮಾಡಾಕ ಸಸಾರ ಖರೆ, ಆದ್ರ ತಳಕ್ಕೇ ಇಡ್ರಿ. ಸ್ವೀಡನ್ನಿನ ವಾಸಾ ಅನ್ನೋ ಯುದ್ಧದ ಹಡಗು ಮ್ಯಾಲಭಾರ ಆಗಿ 1628ರಾಗ ಮೊದಲ ಪಯಣದಾಗೇ ಸ್ಟಾಕ್‌ಹೋಮ್ ಬಂದರಿನಾಗ ಮಗುಚಿತ್ತು. ವಜ್ಜದ ಕೇಂದ್ರ ಎಷ್ಟು ಮ್ಯಾಲ ಹೋದ್ರ ಮಗುಚ್ತದ ಅನ್ನೋ ಲೆಕ್ಕ ಫ್ರಾನ್ಸಿನ ವಿಜ್ಞಾನಿ ಪಿಯರ್ ಬೂಗೆ ಬರೆದು ಛಾಪಿಸಿದ್ದು 1746ರಾಗ.

ಟಬ್ಬಿನಾಗ ಕಾಣದ್ದು ಇನ್ನೊಂದದ. ಹಿಂದಿನಿಂದ ನೋಡಿದ್ರ ಪ್ರೊಪೆಲರ್ ಗಡಿಯಾರದ ಮುಳ್ಳಿನಂಗ ತಿರುಗ್ತಿದ್ರ ದೋಣಿ ಎಡಕ್ಕ ವಾಲ್ತದ, ಅದೂ ಓಡುವಾಗ ಮಾತ್ರ. ಆಗ ಬ್ಯಾಟರಿ ಚೂರು ಬಲಕ್ಕ ಸರಿಸ್ಬೇಕಾಗ್ತದ, ಅದಕ್ಕ ಬ್ಯಾಟರಿಗೆ ಅಂಟು ಬ್ಯಾಡ, ವೆಲ್ಕ್ರೋ ಪಟ್ಟಿ ಹಚ್ರಿ.