ತನ್ನದೇ ಹಾಡು ಕದ್ದ ಆರೋಪ: ಸಾಕ್ಷಿ ಕಟ್ಟೆಗೆ ಗಿಟಾರ್ ಹಿಡಿದು ಬಂದ ಜಾನ್ ಫೋಗರ್ಟಿ

ಓದುಗರ ಪ್ರಶ್ನೆ: ಅಮೆರಿಕದ ಒಬ್ಬ ರಾಕ್ ಗಾಯಕನ ಮೇಲೆ, ಅವನದೇ ಹಳೇ ಹಾಡನ್ನು ಕದ್ದ ಅಂತ ಕೇಸು ಹಾಕಿದ್ದರಂತೆ. ಇದು ನಿಜವೋ, ವಾಟ್ಸಾಪ್ ಕಥೆಯೋ? ನಿಜವೇ ಆದರೆ, ತನ್ನ ಮನೆಗೆ ತಾನೇ ಕನ್ನ ಹಾಕೋದು ಹೇಗೆ ಸಾಧ್ಯ?

ನಿಜವೇ. ಗಾಯಕನ ಹೆಸರು ಜಾನ್ ಫೋಗರ್ಟಿ. ಕೇಸು ಹಾಕಿದ್ದು ಫ್ಯಾಂಟಸಿ ಎಂಬ ರೆಕಾರ್ಡ್ ಕಂಪನಿ. ಹಳೇ ಹಾಡು 1970ರ ‘ರನ್ ಥ್ರೂ ದ ಜಂಗಲ್’. ಹೊಸದು 1985ರ ‘ಸೆಂಟರ್‌ಫೀಲ್ಡ್’ ಆಲ್ಬಮ್‌ನ ‘ದಿ ಓಲ್ಡ್ ಮ್ಯಾನ್ ಡೌನ್ ದ ರೋಡ್’. ಎರಡನ್ನೂ ಬರೆದವನು, ಅವಕ್ಕೆ ರಾಗ ಕಟ್ಟಿದವನು, ಹಾಡಿದವನು ಎಲ್ಲ ಅವನೊಬ್ಬನೇ. (ಹಳೇ ಹಾಡಿನ ‘ಜಂಗಲ್’ ವಿಯೆಟ್ನಾಂ ಕಾಡು ಅಂತ ಬಹಳ ಜನ ನಂಬಿದ್ದರು. ಅಲ್ಲ, ಅದು ಅಮೆರಿಕದಲ್ಲಿ ಮನೆಮನೆಯಲ್ಲೂ ಇರುವ ಬಂದೂಕುಗಳ ಕುರಿತದ್ದು ಎಂದು ಫೋಗರ್ಟಿ ಆಮೇಲೆ ಹೇಳಿದ. ಅಂದಹಾಗೆ ‘ಜಂಗಲ್’ ಪದ ಇಂಗ್ಲಿಷಿಗೆ ಹೋಗಿದ್ದೇ ನಮ್ಮ ಕಡೆಯಿಂದ.)

ಫೋಗರ್ಟಿಯ ತಂಡ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ಬೆಂಗಳೂರಿನ ಹಳೇ ಪಬ್‌ಗಳಲ್ಲಿ ಒಂದು ಸಂಜೆ ಕೂತಿದ್ದರೂ ಸಾಕು, ಹೆಸರು ಗೊತ್ತಿಲ್ಲದೆಯೇ ಇವರ ಒಂದು ಹಾಡಾದರೂ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಕ್ಯಾಲಿಫೋರ್ನಿಯಾದ ಎಲ್ ಸೆರಿಟೊ ಎಂಬ ಊರಿನ ನಾಲ್ಕು ಹುಡುಗರು. ಜಾನ್, ಅವನ ಅಣ್ಣ ಟಾಮ್, ಬಾಸ್ ನುಡಿಸುತ್ತಿದ್ದ ಸ್ಟು ಕುಕ್, ಡ್ರಮ್ಸ್ ಬಾರಿಸುತ್ತಿದ್ದ ಡಗ್ ಕ್ಲಿಫರ್ಡ್. 1969ರ ಒಂದೇ ವರ್ಷದಲ್ಲಿ ಮೂರು ಆಲ್ಬಮ್ ತಂದರು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಇವರ ಐದು ಹಾಡು ಎರಡನೇ ಸ್ಥಾನದವರೆಗೆ ಹೋದವು, ಮೊದಲ ಸ್ಥಾನ ಮಾತ್ರ ಒಂದಕ್ಕೂ ದಕ್ಕಲಿಲ್ಲ. 1972ರಲ್ಲಿ ತಂಡವೇ ಒಡೆಯಿತು.

ಈಗ ನಿಮ್ಮ ಪ್ರಶ್ನೆಯ ‘ಹೇಗೆ ಸಾಧ್ಯ’ ಎಂಬ ಭಾಗ. ಮನೆಯನ್ನು ನೀವೇ ಇಟ್ಟಿಗೆ ಹೊತ್ತು ಕಟ್ಟಿದ್ದೀರಿ ಅಂದುಕೊಳ್ಳಿ. ಆಮೇಲೆ ಕ್ರಯಪತ್ರ ಬರೆದುಕೊಟ್ಟಿರಿ. ಮರುದಿನ ಬೀಗ ಒಡೆದು ಒಳಗೆ ಹೋದರೆ ನೀವು ಅತಿಕ್ರಮಣ ಮಾಡಿದವರೇ. ಗೋಡೆ ಕಟ್ಟಿದ್ದು ಯಾರು ಅಂತ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಯಾರೂ ಕೇಳುವುದಿಲ್ಲ. ಹಾಡಿನದೂ ಹಾಗೆಯೇ. ‘ರನ್ ಥ್ರೂ ದ ಜಂಗಲ್’ ಬರೆದಾಗ ಫೋಗರ್ಟಿ ಅದರ ಪ್ರಕಟಣೆಯ ಹಕ್ಕನ್ನು ಕಂಪನಿಯ ಕಡೆಯವರಿಗೆ ಮಾರಿದ್ದ. ಬದಲಿಗೆ ಅವನಿಗೆ ಸಿಗುತ್ತಿದ್ದದ್ದು ರಾಯಲ್ಟಿಯ ಪಾಲು. ಕಾಪಿರೈಟ್ ಕಂಪನಿಯ ಹೆಸರಿಗೆ ಹೋಯಿತು. ಹಾಗಾಗಿ 1985ರಲ್ಲಿ ಕಾನೂನಿನ ಕಣ್ಣಿಗೆ ಅದು ಫೋಗರ್ಟಿಯ ಹಾಡಲ್ಲ, ಫೋಗರ್ಟಿ ಬರೆದ ಫ್ಯಾಂಟಸಿಯ ಹಾಡು.

ಸಾಮಾನ್ಯವಾಗಿ ಇಂಥ ಕೇಸಿನಲ್ಲಿ ಎರಡು ವಿಷಯ ರುಜುವಾತಾಗಬೇಕು: ಆರೋಪಿ ಆ ಹಳೇ ಹಾಡನ್ನು ಕೇಳಿದ್ದನೇ, ಎರಡೂ ಗಣನೀಯವಾಗಿ ಹೋಲುತ್ತವೆಯೇ. ನಾನು ಆ ಹಾಡು ಕೇಳೇ ಇರಲಿಲ್ಲ ಎಂಬ ವಾದದಿಂದ ಎಷ್ಟೋ ಜನ ಪಾರಾಗುತ್ತಾರೆ. ಪಾಪ, ಫೋಗರ್ಟಿಗೆ ಆ ದಾರಿಯೂ ಇರಲಿಲ್ಲ. ತಾನೇ ಬರೆದದ್ದನ್ನು ಕೇಳಿಲ್ಲ ಅನ್ನುವುದು ಹೇಗೆ?

ಆದರೆ ಕಂಪನಿ ಈ ಮಟ್ಟಕ್ಕೆ ಇಳಿದದ್ದು ಬರೀ ರಾಗದ ವಿಷಯಕ್ಕಲ್ಲ. ಫ್ಯಾಂಟಸಿಯ ಯಜಮಾನ ಸಾಲ್ ಝಾಂಟ್ಸ್. ಇದೇ ಮನುಷ್ಯ ಸಿನಿಮಾ ನಿರ್ಮಾಪಕನಾಗಿ ‘ಅಮಡೇಯಸ್’ ಸೇರಿ ಮೂರು ಚಿತ್ರಗಳಿಗೆ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದವರು. ಫೋಗರ್ಟಿಗೂ ಇವರಿಗೂ ಜಗಳ ಹತ್ತಿ ವರ್ಷಗಳೇ ಆಗಿದ್ದವು. ತಂಡದ ದುಡ್ಡನ್ನು ತೆರಿಗೆ ಉಳಿಸಲೆಂದು ಬಹಾಮಾಸ್‌ನ ಒಂದು ಬ್ಯಾಂಕಿನಲ್ಲಿ ಇರಿಸಲಾಗಿತ್ತು, ಆ ಬ್ಯಾಂಕ್ ಮುಳುಗಿತು. ತಂಡ ಒಡೆದ ಮೇಲೂ ಫೋಗರ್ಟಿ ಕಂಪನಿಗೆ ಇನ್ನೂ ಹಾಡು ಕೊಡುವುದು ಕರಾರಿನ ಪ್ರಕಾರ ಬಾಕಿಯಿತ್ತು. ಅದರಿಂದ ಬಿಡಿಸಿಕೊಳ್ಳಲು ಅವನು ಕ್ರೀಡೆನ್ಸ್ ರೆಕಾರ್ಡ್‌ಗಳಿಂದ ಗಾಯಕನಾಗಿ ತನಗೆ ಬರಬೇಕಿದ್ದ ರಾಯಲ್ಟಿಯನ್ನೇ ಬಿಟ್ಟುಕೊಟ್ಟ.

ಹಾಗಂತ ಫೋಗರ್ಟಿಯನ್ನು ಸಾಧು ಪ್ರಾಣಿ ಅನ್ನಲು ನಾನು ತಯಾರಿಲ್ಲ. ಹತ್ತು ವರ್ಷದ ಸಿಟ್ಟನ್ನೆಲ್ಲ ಅವನು ‘ಸೆಂಟರ್‌ಫೀಲ್ಡ್’ ಆಲ್ಬಮ್‌ಗೆ ಸುರಿದಿದ್ದ. ಅದರಲ್ಲೊಂದು ಹಾಡಿನ ಹೆಸರೇ ‘ಮಿಸ್ಟರ್ ಗ್ರೀಡ್’, ಅಂದರೆ ದುರಾಸೆಯ ದೊರೆ. ಇನ್ನೊಂದು ‘ಝಾನ್ಸ್ ಕಾಂಟ್ ಡಾನ್ಸ್’. ಕುಣಿಯಲು ಬಾರದ, ಜೇಬು ಕತ್ತರಿಸಲು ಮಾತ್ರ ಬರುವ ಒಂದು ಹಂದಿಯ ಕಥೆ ಅದು. ಯಾರ ಹೆಸರನ್ನು ತಿರುಚಿದ್ದು ಅಂತ ಮಗುವಿಗೂ ಗೊತ್ತಾಗುವಂತಿತ್ತು. ಝಾಂಟ್ಸ್ ಕಡೆಯಿಂದ ತಕರಾರು ಬಂದ ಮೇಲೆ ಹಂದಿಯ ಹೆಸರು ‘ವಾನ್ಸ್’ ಆಯಿತು. ಅಷ್ಟಕ್ಕೆ ಕೋಪ ಇಳಿಯುತ್ತದೆಯೇ? 14.4 ಕೋಟಿ ಡಾಲರ್ ಕೇಳಿ ಮಾನನಷ್ಟ ಮೊಕದ್ದಮೆ ಬಿತ್ತು. ಅದು ಕೋರ್ಟಿನ ಹೊರಗೆ ರಾಜಿಯಲ್ಲಿ ಮುಗಿಯಿತು. ಹಾಡು ಕದ್ದ ಕೇಸು ಮಾತ್ರ ವಿಚಾರಣೆಗೆ ಬಂತು.

1988, ಸ್ಯಾನ್ ಫ್ರಾನ್ಸಿಸ್ಕೊ. ಫೋಗರ್ಟಿ ಗಿಟಾರ್ ಹಿಡಿದೇ ಸಾಕ್ಷಿ ಕಟ್ಟೆಗೆ ಬಂದ. ಜ್ಯೂರಿಯಲ್ಲಿ ಕೂತವರು ಸಂಗೀತ ವಿದ್ವಾಂಸರೇನಲ್ಲ, ಸಾಮಾನ್ಯ ನಾಗರಿಕರು. ಅವರ ಮುಂದೆ ಆ ಹಾಡಿನ ತುಣುಕು, ಈ ಹಾಡಿನ ತುಣುಕು ಅಂತ ನುಡಿಸುತ್ತ, ಹಾಡುತ್ತ, ತಾನು ಹಾಡು ಕಟ್ಟುವ ಬಗೆಯನ್ನು ತೋರಿಸಿದ. ಎರಡು ಹಾಡುಗಳನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಎರಡರಲ್ಲೂ ಗಿಟಾರಿನ ದಪ್ಪ ತಂತಿಗಳ ಮೇಲೆ ಕೆಸರಲ್ಲಿ ಕಾಲೆಳೆದು ನಡೆದಂಥ ನಡೆ. ಅದರ ಮೇಲೆ ಗಂಟಲು ಹರಿದುಕೊಂಡು ಕೂಗುವ ಅದೇ ದನಿ. ‘ಸ್ವಾಂಪ್ ರಾಕ್’ ಅಂತ ಆ ಶೈಲಿಗೆ ಹೆಸರು, ಜೌಗು ನೆಲದ ರಾಕ್. ತಮಾಷೆಯೆಂದರೆ ಜೌಗು ನೆಲ ಇರುವುದು ದೂರದ ಲೂಸಿಯಾನಾದಲ್ಲಿ, ಇವನು ಕ್ಯಾಲಿಫೋರ್ನಿಯಾದವನು.

ನಮ್ಮ ಕಿವಿಗೆ ಹೇಳುವುದಾದರೆ ಹೀಗೆ. ರಾಜನ್-ನಾಗೇಂದ್ರ ಅವರ ಹಾಡು ರೇಡಿಯೊದಲ್ಲಿ ಶುರುವಾದರೆ ಪಲ್ಲವಿ ಬರುವ ಮುಂಚೆಯೇ ಇದು ಅವರದೇ ಅಂತ ಗೊತ್ತಾಗುತ್ತದೆ. ಅಷ್ಟಕ್ಕೇ ಅವರ ಒಂದು ಹಾಡು ಇನ್ನೊಂದರ ನಕಲಾಗುತ್ತದೆಯೇ? ಒಂದೇ ರಾಗದ ಎರಡು ಕೀರ್ತನೆ ಹೋಲುತ್ತವೆ, ಹೋಲಲೇಬೇಕು. ಕಂಪನಿ ಕೊಂಡದ್ದು ಒಂದು ಹಾಡನ್ನು, ಹಾಡುವವನ ಗಂಟಲನ್ನೂ ಕೈಬೆರಳನ್ನೂ ಅಲ್ಲ. ಜ್ಯೂರಿ ತೀರ್ಮಾನಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ: ಫೋಗರ್ಟಿ ಕದ್ದಿಲ್ಲ.

ಹೆಚ್ಚಿನ ಬರಹಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ. ಕಾನೂನಿನವರಿಗೆ ನಿಜವಾದ ಕಥೆ ಇಲ್ಲಿಂದ ಶುರು. ಗೆದ್ದ ಫೋಗರ್ಟಿಯ ಕೈಯಲ್ಲಿ ಉಳಿದದ್ದು ವಕೀಲರ ಬಿಲ್ಲು. ಅದನ್ನು ಕಂಪನಿ ಕಟ್ಟಿಕೊಡಲಿ ಅಂದ. ಆಗ ಅಲ್ಲಿನ ಹಲವು ಕೆಳ ಕೋರ್ಟುಗಳು ಅನುಸರಿಸುತ್ತಿದ್ದ ಪದ್ಧತಿ ವಿಚಿತ್ರವಾಗಿತ್ತು. ಕಾಪಿರೈಟ್ ಕೇಸಿನಲ್ಲಿ ದಾವೆ ಹಾಕಿದವನು ಗೆದ್ದರೆ ವಕೀಲರ ಖರ್ಚು ಬಹುತೇಕ ತಾನಾಗಿಯೇ ಸಿಗುತ್ತಿತ್ತು. ಆರೋಪ ಹೊತ್ತವನು ಗೆದ್ದರೆ, ಎದುರಾಳಿ ಹಾಕಿದ್ದು ಹುರುಳಿಲ್ಲದ ಅಥವಾ ದುರುದ್ದೇಶದ ಕೇಸು ಅಂತ ಮತ್ತೆ ರುಜುವಾತು ಮಾಡಬೇಕಿತ್ತು. ಅಂತೂ ವಿಷಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1994ರಲ್ಲಿ ಎಲ್ಲ ನ್ಯಾಯಮೂರ್ತಿಗಳೂ ಫೋಗರ್ಟಿಯ ಪರವಾಗಿ ತೀರ್ಪಿತ್ತರು. ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್ ಬರೆದ ತೀರ್ಪಿನ ತಿರುಳು ಇಷ್ಟು: ಇಬ್ಬರಿಗೂ ಒಂದೇ ಅಳತೆಗೋಲು. ಕಾಪಿರೈಟ್‌ನ ಗಡಿ ಎಲ್ಲಿ ನಿಲ್ಲುತ್ತದೆ ಅಂತ ತೋರಿಸಿಕೊಟ್ಟ ಪ್ರತಿವಾದಿಯೂ ಸಮಾಜಕ್ಕೆ ಉಪಕಾರ ಮಾಡಿದವನೇ. ಕೇಸು ಮತ್ತೆ ಕೆಳಗೆ ಹೋಗಿ, ಕೊನೆಗೆ ಫೋಗರ್ಟಿಗೆ 13 ಲಕ್ಷ ಡಾಲರ್‌ಗೂ ಹೆಚ್ಚು ವಕೀಲರ ಖರ್ಚು ಸಿಕ್ಕಿತು. ಇವತ್ತಿಗೂ ಅಲ್ಲಿನ ಕಾಪಿರೈಟ್ ವಕೀಲರ ಬಾಯಲ್ಲಿ ‘ಫೋಗರ್ಟಿ’ ಅಂದರೆ ಹಾಡುಗಾರನಲ್ಲ, ಈ ತೀರ್ಪು.

ನಮ್ಮಲ್ಲಿ ಹೀಗಾಗಬಹುದೇ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಹಕ್ಕು ಬರೆದುಕೊಟ್ಟ ಮೇಲೆ ಹಾಡು ಕೊಂಡವರದು ಎಂಬುದು ಇಲ್ಲೂ ಅಷ್ಟೇ. ಆದರೆ 2012ರ ಕಾಪಿರೈಟ್ ತಿದ್ದುಪಡಿ ಒಂದು ಒಳ್ಳೆಯ ಕೆಲಸ ಮಾಡಿದೆ. ಥಿಯೇಟರಿನಲ್ಲಿ ಸಿನಿಮಾದ ಜೊತೆ ಓಡುವುದನ್ನು ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದರೆ, ಸಾಹಿತಿ ಮತ್ತು ಸಂಗೀತ ನಿರ್ದೇಶಕರ ರಾಯಲ್ಟಿ ಪಾಲನ್ನು ಕಂಪನಿಗಳು ಬರೆಸಿಕೊಂಡು ಬಿಡುವಂತಿಲ್ಲ. 2017ರಲ್ಲಿ ಎಸ್‌ಪಿಬಿ ಅಮೆರಿಕ ಪ್ರವಾಸದಲ್ಲಿದ್ದಾಗ ಇಳಯರಾಜ ಕಡೆಯಿಂದ ನೋಟಿಸ್ ಹೋದದ್ದು ನಿಮಗೆ ನೆನಪಿರಬಹುದು. ಅದು ಬೇರೆಯೇ ತಕರಾರು. ಅಲ್ಲಿ ಹಕ್ಕು ತನ್ನದು ಅಂದದ್ದು ಸಂಗೀತ ನಿರ್ದೇಶಕರು, ಕಂಪನಿಯಲ್ಲ.

ಕೇಸಿಗಿಂತ ನನಗೆ ಹೆಚ್ಚು ಕಾಡುವುದು ಬೇರೆ. ಫೋಗರ್ಟಿ ವರ್ಷಾನುಗಟ್ಟಲೆ ಕ್ರೀಡೆನ್ಸ್‌ನ ಹಾಡುಗಳನ್ನು ವೇದಿಕೆಯ ಮೇಲೆ ಹಾಡಲೇ ಇಲ್ಲ. ಹಾಡಿದರೆ ಝಾಂಟ್ಸ್ ಜೇಬು ತುಂಬುತ್ತದೆ ಎಂಬ ಹಠ. 1987ರಲ್ಲಿ ಲಾಸ್ ಏಂಜಲೀಸ್‌ನ ಒಂದು ಕ್ಲಬ್ಬಿನಲ್ಲಿ ಬಾಬ್ ಡಿಲನ್, ಜಾರ್ಜ್ ಹ್ಯಾರಿಸನ್ ಜೊತೆಗಿದ್ದರು. ಕ್ರೀಡೆನ್ಸ್‌ನ ‘ಪ್ರೌಡ್ ಮೇರಿ’ಯನ್ನು ನೀನೇ ಹಾಡು, ಇಲ್ಲದಿದ್ದರೆ ಜನ ಅದನ್ನು ಗಾಯಕಿ ಟೀನಾ ಟರ್ನರ್ ಹಾಡು ಅಂದುಕೊಳ್ಳುತ್ತಾರೆ ಎಂದು ಡಿಲನ್ ಚುಚ್ಚಿದರಂತೆ. ಅವತ್ತು ಹಾಡಿದ. ಅದೇ ವರ್ಷ ಜುಲೈ 4ರಂದು ವಿಯೆಟ್ನಾಂ ಯೋಧರಿಗಾಗಿ ನಡೆದ ಕಛೇರಿಯಲ್ಲೂ ಹಳೇ ಹಾಡುಗಳು ಹೊರಬಂದವು.

ತಂಡದ ಹಳೇ ಗೆಳೆಯರ ಜೊತೆಗಿನ ಮುನಿಸು ಮಾತ್ರ ಇಳಿಯಲಿಲ್ಲ. ಅಣ್ಣ ಟಾಮ್ 1990ರಲ್ಲಿ ತೀರಿಕೊಂಡ. 1993ರಲ್ಲಿ ತಂಡವನ್ನು ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದ ರಾತ್ರಿ, ಕುಕ್ ಮತ್ತು ಕ್ಲಿಫರ್ಡ್ ಸಭಾಂಗಣದಲ್ಲಿದ್ದರೂ ಅವರ ಜೊತೆ ನುಡಿಸಲು ಜಾನ್ ಒಪ್ಪದೆ, ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಮತ್ತಿತರರ ಜೊತೆ ಹಾಡಿದ. ಆ ರಾತ್ರಿಯ ಮಟ್ಟಿಗೆ ನನ್ನ ಓಟು ಅವನಿಗಿಲ್ಲ.

2004ರಲ್ಲಿ ಫ್ಯಾಂಟಸಿ ಕಾಂಕಾರ್ಡ್ ಎಂಬ ಕಂಪನಿಯ ಕೈಸೇರಿತು. ಹೊಸಬರು ಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಬಿಟ್ಟುಕೊಟ್ಟಿದ್ದ ರಾಯಲ್ಟಿಯನ್ನು ಅವನಿಗೆ ಮರಳಿಸಿದ್ದು. ಝಾಂಟ್ಸ್ 2014ರಲ್ಲಿ ತೀರಿಕೊಂಡರು. 2023ರ ಜನವರಿಯಲ್ಲಿ, ತನ್ನ ಹಾಡುಗಳ ಪ್ರಕಟಣೆಯ ಹಕ್ಕಿನಲ್ಲಿ ದೊಡ್ಡ ಪಾಲನ್ನು ಫೋಗರ್ಟಿ ಕೊಂಡುಕೊಂಡ. ಹಳೇ ರೆಕಾರ್ಡಿಂಗುಗಳು ಆಗಲೂ ಕಂಪನಿಯ ಬಳಿಯೇ ಉಳಿದವು. ಅದಕ್ಕೇ ಇರಬೇಕು, 2025ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕ್ರೀಡೆನ್ಸ್‌ನ ಇಪ್ಪತ್ತು ಹಾಡುಗಳನ್ನು ಹೊಸದಾಗಿ ಹಾಡಿ ಹೊರತಂದ. ಪ್ರತಿ ಹಾಡಿನ ಮುಂದೆ ‘ಜಾನ್ಸ್ ವರ್ಷನ್’ ಎಂಬ ಚೀಟಿ. ಈ ಸಲ ಅವನು ತನ್ನನ್ನೇ ನಕಲು ಮಾಡಿದ್ದು ನಿಜ, ಆದಷ್ಟೂ ಹಳೆಯದರಂತೆಯೇ ಕೇಳಬೇಕೆಂದು ಕೂತು ಮಾಡಿದ್ದು.