ನೀರಿನ ಮಾನದಂಡ ಪುಕ್ಕಟೆ, ಅಳೆಯುವ ವಿಧಾನಕ್ಕೆ ದುಡ್ಡು

ಕೋಲಾರದ ಹಳ್ಳಿಗಳಲ್ಲಿ ಫ್ಲೋರೈಡ್ ಯಾರಿಗೂ ಹೊಸ ಮಾತಲ್ಲ. ಬೋರ್‌ವೆಲ್ ನೀರು ಬಂಡೆಯ ಬಿರುಕುಗಳಲ್ಲಿ ಬಹಳ ಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡು ಬರುತ್ತದೆ. ಅದನ್ನೇ ಕುಡಿದರೆ ಮಕ್ಕಳ ಹಲ್ಲು ಕಲೆಯಾಗುತ್ತದೆ, ಜಾಸ್ತಿಯಾದರೆ ಮೂಳೆಗೂ ತೊಂದರೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಇದಕ್ಕೆ ಹಾಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಸಿಗದಿದ್ದರೆ 1.5. ಈ ಮಾನದಂಡವನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಓದಬಹುದು.

ಆದರೆ ಅಳೆಯುವುದು ಹೇಗೆ? ಅದಕ್ಕೆ ನೀರಿನ ಪರೀಕ್ಷಾ ವಿಧಾನಗಳ ಇನ್ನೊಂದು ಮಾನದಂಡ ಐಎಸ್ 3025ರ 60ನೇ ಭಾಗ ನೋಡಿ ಎನ್ನುತ್ತದೆ ಮಾನದಂಡ. ಸುಮ್ನೆ ಗುಮಾಸ್ತರ ಸಾಲಿನಂತೆ ಕಾಣುತ್ತದೆ, ಅಲ್ವಾ? ನಿಜವಾದ ವಿಜ್ಞಾನ ಇರುವುದು ಅಲ್ಲೇ. ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ನೀರಿಗೆ ಆಲಂ (ಪಟಿಕ) ಮತ್ತು ಸುಣ್ಣ ಹಾಕುತ್ತಾರೆ. ಆಲಂನಿಂದ ನೀರಿನಲ್ಲಿ ಉಳಿದ ಅಲ್ಯೂಮಿನಿಯಂ ಒಂದಿಷ್ಟು ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಳೆಯುವ ಮೀಟರಿನ ಎಲೆಕ್ಟ್ರೋಡಿಗೆ ಕಾಣುವುದು ಬಿಡಿಯಾಗಿರುವ ಫ್ಲೋರೈಡ್ ಅಯಾನು ಮಾತ್ರ. ಹಾಗಾಗಿ ಮೊದಲು ಒಂದು ಬಫರ್ ದ್ರಾವಣ ಬೆರೆಸಿ ಆ ಫ್ಲೋರೈಡನ್ನು ಬಿಡಿಸಬೇಕು. ಈ ಹಂತ ಬಿಟ್ಟರೆ ಮೀಟರ್ ಕಡಿಮೆ ತೋರಿಸುತ್ತದೆ, ಫೇಲಾಗಬೇಕಾದ ನೀರು ಪಾಸಾಗುತ್ತದೆ. ಅಂದರೆ ವಿಧಾನವಿಲ್ಲದ ಮಿತಿ ಅರ್ಧ ಮಾನದಂಡ ಮಾತ್ರ.

ಫ್ಲೋರೈಡಿನ ಮಟ್ಟಿಗೆ ತೊಂದರೆ ಇಲ್ಲ, ಎರಡೂ ಪುಕ್ಕಟೆ ಸಿಗುವ ಭಾರತೀಯ ಮಾನದಂಡಗಳೇ. ಅದೇ ಐಎಸ್ 10500ರಲ್ಲಿ ಕೀಟನಾಶಕಗಳ ಪಟ್ಟಿಗೆ ಬನ್ನಿ. ಟೊಮ್ಯಾಟೊ ಬೆಳೆಯುವ ಕೋಲಾರಕ್ಕೆ ಅದೂ ಬೇಕಾದ ಪಟ್ಟಿಯೇ. ಅಲ್ಲಿ ಪರೀಕ್ಷೆಗೆ ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ವಿಧಾನಗಳ ಜೊತೆಗೆ ಎಒಎಸಿ, ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಗಳ ದಾಖಲೆಗಳ ಹೆಸರೂ ಇದೆ. ಇಪಿಎಯದು ಪುಕ್ಕಟೆ. ಉಳಿದವನ್ನು ದುಡ್ಡು ಕೊಟ್ಟೇ ಓದಬೇಕು.

ಹೀಗೆ ದುಡ್ಡು ಕೇಳುವುದನ್ನು ಸಮರ್ಥಿಸುವವರ ಮಾತಿನಲ್ಲೂ ತೂಕ ಇದೆ. ಈ ಸಂಸ್ಥೆಗಳು ನಡೆಯಲು ಮಾರಾಟದ ದುಡ್ಡೂ ಬೇಕು. ಒಳ್ಳೆಯ ವಿಧಾನಕ್ಕೆ ದುಡ್ಡು ಕೊಡಬೇಕು ಎಂಬ ಕಾರಣಕ್ಕೆ ಅದರ ಹೆಸರೇ ಹೇಳದಿರುವುದು ಮೂರ್ಖತನ. ಹೆಚ್ಚಿನ ಓದಿಗೆ ಎಂದು ಯಾವುದನ್ನು ಬೇಕಾದರೂ ಹೆಸರಿಸಲಿ. ಆದರೆ ಪಾಲಿಸಲೇಬೇಕಾದ ಭಾಗ ಓದುಗರ ಕೈಗೆ ಸಿಗಲೇಬೇಕು. ಇಲ್ಲದಿದ್ದರೆ ಅದನ್ನು ಮುಕ್ತ ಮಾನದಂಡ ಎನ್ನಲು ನನಗಂತೂ ಮನಸ್ಸಿಲ್ಲ.

ಇದು ಆಗದ ಕೆಲಸವೇನಲ್ಲ. ದಿನಾಂಕ ಬರೆಯುವ ಐಎಸ್‌ಒ 8601ಕ್ಕೆ ದುಡ್ಡು ಕೊಡಬೇಕು. ಇಂಟರ್ನೆಟ್ ಎಂಜಿನಿಯರುಗಳು 2002ರಲ್ಲಿ ಅದರಿಂದ ತಮಗೆ ಬೇಕಾದಷ್ಟನ್ನು ಆರ್‌ಎಫ್‌ಸಿ 3339 ಎಂಬ ದಾಖಲೆಯಲ್ಲಿ ತಾವೇ ಬರೆದುಕೊಂಡರು. ಅದು ಎಲ್ಲರಿಗೂ ಪುಕ್ಕಟೆ. ವಿಡಿಯೋ ಕುಗ್ಗಿಸುವ ಮಾನದಂಡ ಎಚ್.264 ಇನ್ನೂ ತಮಾಷೆ: ವಿಶ್ವಸಂಸ್ಥೆಯ ದೂರಸಂಪರ್ಕ ಸಂಸ್ಥೆ ಐಟಿಯು ಅದನ್ನು ಪುಕ್ಕಟೆ ಕೊಡುತ್ತದೆ, ಅದರದೇ ಜೋಡಿಯನ್ನು ಐಎಸ್‌ಒ ಮಾರುತ್ತದೆ! 2024ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯವೂ ಆಟಿಕೆಗಳ ಸುರಕ್ಷತೆಯ ಮಾನದಂಡಗಳ ವಿಚಾರದಲ್ಲಿ ಜನರ ಪರ ನಿಂತಿತು. ಕಾನೂನಿನ ಭಾಗವಾದ ಮಾನದಂಡ ಜನರಿಗೆ ಸಿಗಬೇಕು ಎಂದಿತು.

ಕೀಟನಾಶಕಗಳ ಆ ಪಟ್ಟಿಯ ಕೆಳಗೂ ಒಂದು ಟಿಪ್ಪಣಿ ಇದೆ. ಎರಡು ವಿಧಾನಗಳಿದ್ದರೆ ಇಪಿಎಯದ್ದೇ ಆಧಾರ ಎನ್ನುತ್ತದೆ ಅದು. ಕಾರಣ ಏನೇ ಇರಲಿ, ಅಲ್ಲಿ ಗೆದ್ದಿರುವುದು ಪುಕ್ಕಟೆ ಸಿಗುವ ದಾಖಲೆ.